ಮೊದಲು ಕಣ್ಣು, ಆಮೇಲೆ ಬಾಯಿ

ಇಲ್ಲಿ ಬರಿಗಣ್ಣಿಗೆ ಎಲ್ಲದರ ಮೇಲರ್ಧ ಮೊದಲು ಕಾಣುತ್ತದೆ, ಕೆಳಗಿನರ್ಧ ಒಂದು ಕ್ಷಣ ತಡವಾಗಿ. ಬಸ್ಸಿನ ಮೇಲರ್ಧ ಮುಂದೆ ಹೋಗಿ, ಗಾಲಿಗಳು ಹಿಂದೆ ಬರುತ್ತವೆ. ಕನ್ನಡಕದಲ್ಲಿ ಎರಡನ್ನೂ ಹೊಂದಿಸುವ ‘ಸಿಂಕ್’ ಗುಂಡಿ ಒತ್ತಿದರೆ ಎಲ್ಲ ಕೂಡಿಕೊಂಡೇ ಕಾಣುತ್ತದೆ, ಆದರೆ ತುಸು ತಡವಾಗಿ.

“ಊಟಕ್ಕ ಕುಂತಾಗ ಸಿಂಕ್ ಹಾಕ್ಕೊಬೇಕು, ನೀಲಾ. ಹರಕು ಮುಖ ನೋಡಬಾರದು,” ಎಂದು ಅತ್ತೆ ಚೆನ್ನವ್ವ ದಿನಾ ಹೇಳುತ್ತಿದ್ದರು. ದಿನಾ ಸೊಸೆಯ ಅಡುಗೆಯಲ್ಲಿ ತಪ್ಪನ್ನೂ ಹುಡುಕುತ್ತಿದ್ದರು.

ಇವತ್ತು ಎಣ್ಣೆಗಾಯಿ ಬಡಿಸಿದ ನೀಲಾ ಮೆಲ್ಲಗೆ ತನ್ನ ಕನ್ನಡಕದ ಸಿಂಕ್ ಆರಿಸಿದಳು. ಮೊದಲ ತುತ್ತಿಗೇ ಅತ್ತೆಯ ಕಣ್ಣು ಸುಖದಿಂದ ಮುಚ್ಚಿದವು. ಮುಖದ ಕೆಳಗಿನರ್ಧ ಮಾತ್ರ ಇನ್ನೂ ಹಿಂದಿನ ಕ್ಷಣದಲ್ಲೇ ಬಾಯಿ ತೆರೆದು ಕಾಯುತ್ತಿತ್ತು.

ಆಮೇಲೆ ಆ ಬಾಯಿ, “ಉಪ್ಪ ಕಡಿಮಿ ಆತು,” ಎಂದಿತು.

“ಹೌದ್ರಿ ಅತ್ತಿ,” ಎಂದಳು ನೀಲಾ, ಸಪ್ಪಗೆ.

“ನೀ ಹೌದ್ರಿ ಅನ್ನೂದರೊಳಗ ನಿನ್ನ ಕಣ್ಣು ನಕ್ವು,” ಎಂದರು ಚೆನ್ನವ್ವ. “ನಾ ಯಾವತ್ತರ ಸಿಂಕ್ ಹಾಕ್ಕೊಂಡೇನೇನು? ಇನ್ನೆರಡ ಬದನಿಕಾಯಿ ಹಾಕು.”