ಸಮಕ್ಕೆ ಬರುವ ಜಾಗ

ಮೀಟಿಂಗಿನಲ್ಲಿ ಸಾಹೇಬರು ‘ನನ್ನ ಟೀಮು’ ಎಂದು ಎದೆಯುಬ್ಬಿಸಿದಾಗೆಲ್ಲ ನನ್ನ ಮೂಗಿಗೆ ಮೌಶಿಯ ಪೌಡರಿನ ವಾಸನೆ ಬಡಿಯುತ್ತದೆ.

ಅವ್ವನ ತಂಗಿಯಾದ ಮೌಶಿ ಅಂಗೈಗೆ ಪೌಡರ್ ಹಚ್ಚಿಕೊಳ್ಳದೆ ತಬಲಾ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಧಾರವಾಡದ ನಮ್ಮ ಪಡಸಾಲೆಯಲ್ಲಿ ದೊಡ್ಡ ಗವಾಯಿಯೊಬ್ಬರು ಅವಳೊಂದಿಗೆ ತಾಲೀಮಿಗೆ ಕೂತಿದ್ದರು. ಸಂಜೆ ಅಲ್ಲೇ ಅವರ ಸಂಗೀತ ಕಚೇರಿ. ಅವರು ಕೆಂಪು ಗಾದಿಯ ಮೇಲೆ, ಅವಳು ಹಿಂದೆ ಚಾಪೆಯ ಮೇಲೆ.

“ಬಾಯಾರ, ನೀವು ಬರೇ ತಾಳದ ಠೇಕಾ ಹಿಡೀರಿ. ಮಂದಿ ಬರೋದು ನನ್ನ ಹಾಡು ಕೇಳಾಕ,” ಎಂದರು ಗವಾಯಿ.

ಅವರು ಮತ್ತೆ ಹಾಡತೊಡಗಿದಾಗ ಮೌಶಿ ತಬಲಾದಿಂದ ಕೈ ತೆಗೆದಳು. ಸ್ವರಗಳ ಓಟವಾದ ಅವರ ತಾನ ಮೇಲೇರಿತು, ಸುತ್ತಿತು, ಇಳಿಯಲು ಜಾಗ ಸಿಗದೆ ಕೋಣೆಯೊಳಗೆ ಸಿಕ್ಕ ಗುಬ್ಬಿಯಂತೆ ತಡವರಿಸಿ ನಿಂತಿತು.

“ಯಾಕ ನಿಲ್ಲಿಸಿದ್ರಿ?”

“ತಾನ ತಗೊಂಡು ನೀವು ಬಂದು ಮುಟ್ಟೋದು ಎಲ್ಲಿಗ್ರಿ?”

“ಸಮಕ್ಕ.” ತಾಳದ ಮೊದಲ ಪೆಟ್ಟದು.

“ಅಲ್ಲಿಗೆ ಇಬ್ಬರೂ ಕೂಡೇ ಮುಟ್ಟಬೇಕಲ್ರಿ. ಹಂಗಾರ ಸಮಾನೇ ಕೂಡ್ರೂಣು. ಜರಾ ಸರದು ಕೂಡ್ರಿ.”

ಗವಾಯಿ ಸರಿದರು. ಮೌಶಿ ಕೈಯೂರಿ ಗಾದಿ ಹತ್ತಿದಳು. ಕೆಂಪು ಬಟ್ಟೆಯ ಮೇಲೆ ಎರಡು ಬಿಳಿ ಅಂಗೈಗಳು ಮೂಡಿದವು. ಅವ್ವ ಗಾಬರಿಯಿಂದ ಅರಿವೆ ತಂದಳು.

“ಒರಸಬ್ಯಾಡ, ಅಕ್ಕಾ,” ಎಂದಳು ಮೌಶಿ. “ಸಂಜೀಕ ಮಂದಿ ನೋಡ್ಲಿ.”