ಬಂಡೆಯ ಬುಡದಲ್ಲಿ ಅವ್ವ

ಫೋಟೊ ಸ್ಟುಡಿಯೊದ ಬಿಸಿ ಲ್ಯಾಮಿನೇಷನ್ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಅವ್ವ ತೀರಿಕೊಂಡ ಐದನೆಯ ದಿನ ಮಧ್ಯಾಹ್ನ ಅಪ್ಪ ನನ್ನನ್ನು ಹಿಮಾಯತ್‌ನಗರದ ಸ್ಟುಡಿಯೊಕ್ಕೆ ಕರೆದೊಯ್ದರು. ಹದಿಮೂರನೆಯ ದಿನ ಮಾಲೆ ಹಾಕಲು ಅವ್ವನ ಫೋಟೊ ಬೇಕಿತ್ತು. ಅಪ್ಪ ತೆಗೆಯುತ್ತಿದ್ದುದು ಬರೀ ಬಂಡೆ, ಕೆರೆ, ಆಕಾಶ. ಬಂಡೆ ಎಷ್ಟು ದೊಡ್ಡದೆಂದು ತಿಳಿಯಲಿ ಎಂದು ಅವ್ವನನ್ನು ಅದರ ಬುಡದಲ್ಲಿ ನಿಲ್ಲಿಸುತ್ತಿದ್ದರು, ಅಷ್ಟೇ.

ಸ್ಟುಡಿಯೊದ ಬಸಣ್ಣ ಬೀದರಿನವರು. ಕಂಪ್ಯೂಟರಿನಲ್ಲಿ ಮೊದಲು ಆಕಾಶ ಕತ್ತರಿಸಿದರು, ಆಮೇಲೆ ಬಂಡೆ. ಹತ್ತಿರ ತಂದಷ್ಟೂ ಅವ್ವನ ಮುಖ ಚೌಕ ಚೌಕವಾಗಿ ಒಡೆಯತೊಡಗಿತು. ಬಸಣ್ಣ ಅಪ್ಪನ ಕಡೆ ತಿರುಗಿದರು.

“ಇನ್ನೂ ದೊಡ್ಡದು ಮಾಡಿದ್ರ ಮುಖಾನೇ ಉಳಿಯಂಗಿಲ್ರೀ ಸರ. ಹತ್ರದ್ದು ಒಂದೂ ಇಲ್ಲೇನ್ರಿ?”

“ಫೋಟೊ ಅಂದ್ರ ಆಕಿ ಒಲ್ಲೆ ಅಂತಿದ್ಲು,” ಎಂದರು ಅಪ್ಪ.

“ಬಂಡೆ ಎಲ್ಲಿ ಓಡಿಹೋಗತೈತ್ರೀ, ಒಮ್ಮೆ ನನ್ನ ಮಾರೀನೂ ತೆಗೀರಿ,” ಎಂದು ಅವ್ವ ನಗುತ್ತಿದ್ದುದು ನನಗೆ ನೆನಪಿತ್ತು.

“ಸಾಕ್ರಿ ಕಾಕಾ, ಮೊದಲಿನಂಗ ಮಾಡ್ರಿ,” ಎಂದೆ.

ಬಂಡೆ ಮರಳಿ ಬಂತು. ಅದರ ಬುಡದಲ್ಲಿ ಅವ್ವ ಮತ್ತೆ ಅವ್ವನಾದಳು, ಹೆಬ್ಬೆರಳಿನಷ್ಟು.

ಹದಿಮೂರನೆಯ ದಿನ ಮಾಲೆ ಹಾಕಿದಾಗ ಅವ್ವ ಮುಚ್ಚಿಹೋದಳು. ಅಪ್ಪ ಗೋಡೆಯ ಮುಂದೆ ನಿಂತು, ಅವಳು ಕಾಣುವವರೆಗೆ ಕೆಳಗಿನ ಹೂಗಳನ್ನು ಒಂದೊಂದಾಗಿ ಕಿತ್ತರು.