ಟಾರು ರಸ್ತೆ ಬೇಡ

ಬಸ್ಸಿಗೇ ಹೋಗೋಣವೆಂದು ರಂಗಲಕ್ಷ್ಮಮ್ಮ ಮತ್ತೆ ಮತ್ತೆ ಹೇಳಿದಳು. ಅಣ್ಣ ಅಡವಿಯಪ್ಪ ಕೇಳಿಸದವನಂತೆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಲೇ ಇದ್ದ. ಮರಳೂರಿನ ಅವರ ಮನೆ ಮುಂದೆಯೇ ಕುಣಿಗಲ್ ಬಸ್ಸು ನಿಲ್ಲುತ್ತದೆ. ಕೈ ಅಡ್ಡ ಹಾಕಿದರೆ ಸಾಕು. ಅಂಥದ್ದರಲ್ಲಿ ಎಪ್ಪತ್ತೆಂಟನೇ ಇಸವಿಯ ಆ ಸುಡುಬಿಸಿಲಿನಲ್ಲಿ, ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಜಲ್ಲಿ ದಾರಿಯಲ್ಲಿ ಹೋಗುತ್ತೇನೆ ಎನ್ನುವವನಿಗೆ ಏನು ಹೇಳುವುದು?

ಸುದ್ದಿ ಬಂದದ್ದು ಬೆಳಗ್ಗೆ. ಕುಣಿಗಲ್ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಅಡವಿಯಪ್ಪನನ್ನು ಪಕ್ಕಕ್ಕೆ ಕರೆದು ಹೇಳಿ ಹೋಗಿದ್ದ. ಅಡವಿಯಪ್ಪ ಒಳಗೆ ಬಂದು ತಾಯಿಯ ಕಿವಿಯಲ್ಲಿ ಏನೋ ಅಂದ. ಆಮೇಲೆ ತಂಗಿಯ ಮುಖ ನೋಡದೆ, “ನಿನ್ ಮಾವ ಸೀರಿಯಸ್ಸಂತೆ. ಹೊರಡವ್ವ” ಎಂದ.

ಈ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಯಾರೂ ಹೇಳುವುದಿಲ್ಲ. ಉಸಿರು ನಿಂತು ಅರ್ಧ ದಿನ ಕಳೆದಿದ್ದರೂ ಸೀರಿಯಸ್ಸೇ. ಹೆಣದ ಮುಂದೆ ತಂದು ನಿಲ್ಲಿಸುವವರೆಗೂ ಸೀರಿಯಸ್ಸೇ. ರಂಗಲಕ್ಷ್ಮಮ್ಮನಿಗೆ ಇದೇನೂ ಗೊತ್ತಿಲ್ಲದ್ದಲ್ಲ. ಈಗಲೇ ಹೊರಡೋಣವೆಂದು ಎದ್ದು ನಿಂತಳು.

ಅದಕ್ಕೆ ಕಾರಣವೂ ಇತ್ತು. ಗಂಡನೊಡನೆ ಕುಣಿಗಲ್ ಪೇಟೆಯಲ್ಲಿ ಬೇರೆ ಮನೆ ಮಾಡಬೇಕೆಂದು ಅವಳ ಹಟ. ತಾನು ಕಣ್ಣು ಮುಚ್ಚುವ ತನಕ ಆಗದೆಂದು ಮಾವ ಅಣ್ಣಯ್ಯಪ್ಪನವರ ಹಟ. ಯುಗಾದಿಯ ಮಾರನೆಯ ದಿನ ಮಾತಿಗೆ ಮಾತು ಬೆಳೆದು, “ನಿಮ್ ಹೆಣ ಬಿದ್ದ ದಿನ ಬರ್ತೀನಿ” ಎಂದು ಹೊಸಿಲಲ್ಲಿ ನಿಂತು ಕೂಗಿ, ತವರಿಗೆ ಬಂದುಬಿಟ್ಟಿದ್ದಳು. ಊರೇ ಕೇಳಿಸಿಕೊಂಡಿತ್ತು. ಅಂದಿನಿಂದ ಗಂಡ ಹೊನ್ನಯ್ಯ ಭಾನುವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅಪ್ಪನ ಪರವಾಗಿ ಎರಡು ಮಾತು, ಹೆಂಡತಿಯ ಪರವಾಗಿ ಎರಡು ಮಾತು ಆಡಿ, ಕಾಫಿ ಕುಡಿದು ಹೋಗುತ್ತಿದ್ದ. ಪಾಪದ ಮನುಷ್ಯ. ಇವತ್ತೂ ಭಾನುವಾರವೇ. ಅಪ್ಪ ಹಾಸಿಗೆ ಹಿಡಿದಿರುವಾಗ ಹೇಗೆ ಬಂದಾನು?

ಮಾವನಿಗೆ ಗುಟುಕು ಜೀವ ಇರುವಾಗಲೇ ಹೋಗಿ ಕಾಲು ಹಿಡಿಯಬೇಕು. ಆಡಿದ ಮಾತು ನಿಜವಾಗಕೂಡದು. ಅವಳಿಗೆ ಬೇಕಾಗಿದ್ದುದು ಇಷ್ಟೇ.

ತಾಯಿ ಸಿದ್ದಗಂಗಮ್ಮ ಮಗಳ ತಲೆ ಬಾಚಿ, ಹಣೆಗೆ ಅಗಲವಾಗಿ ಕುಂಕುಮವಿಟ್ಟು, ಕನಕಾಂಬರ ಮುಡಿಸಿದಳು. ಇಂಥ ಹೊತ್ತಿನಲ್ಲಿ ಹೂ ಯಾತಕ್ಕೆಂದು ಮಗಳು ಗದರಿದಳು. ಮುನಿಸು ಬಿಟ್ಟು ಗಂಡನ ಮನೆಗೆ ಹೋಗುವವಳನ್ನು ಬರಿದಲೆಯಲ್ಲಿ ಕಳಿಸಲಾರೆ ಎಂದಳು ತಾಯಿ. ನೆಂಟರನ್ನು ಕೂಡಿಸಿಕೊಂಡು ಹಿಂದಿನಿಂದ ಬರುತ್ತೇನೆ, ನೀವು ನಡೀರಿ ಎಂದು ಒಳಗಿನಿಂದಲೇ ಬೀಳ್ಕೊಟ್ಟಳು.

ಅಡವಿಯಪ್ಪ ಅದೇ ಸೈಕಲ್ಲಿನಲ್ಲಿ ತೆಂಗಿನ ನಾರಿನ ಹಗ್ಗ ಮಾರುತ್ತ ತಿರುಗಿದವನು. ತುಮಕೂರಿನಿಂದ ಕುಣಿಗಲ್‌ವರೆಗಿನ ಅಡ್ಡದಾರಿಗಳೆಲ್ಲ ಅವನಿಗೆ ಅಂಗೈಯಷ್ಟು ಪರಿಚಯ. ಆದರೆ ಹಗ್ಗ ಹೇರಿದ ಸೈಕಲ್ ಬೇರೆ, ಹಿಂದೆ ಆಳು ಕೂತ ಸೈಕಲ್ ಬೇರೆ. ಟಾರು ಕಾಣದ ಜಲ್ಲಿ ಚಕ್ರದಡಿ ಸಿಡಿಯುತ್ತಿತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಹಿಂದಿನ ಚಕ್ರ ಜಾರುತ್ತಿತ್ತು. ಏರು ಬಂದಾಗ ಅವಳು ಇಳಿದು ನಡೆಯಬೇಕು. ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಮಾವನ ಬಾಯಿಗೆ ನೀರು ಬಿಡುತ್ತಿದ್ದೆ ಎಂದು ಅವಳು ಒಳಗೊಳಗೇ ಅಣ್ಣನನ್ನು ಶಪಿಸಿದಳು.

ಒಂದು ಕೆರೆ ಏರಿಯ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ನಿಜ ಹೇಳಣ್ಣ. ಹೋಗ್ಬಿಟ್ರಾ?”

ಅವನು ಸೈಕಲ್ ನಿಲ್ಲಿಸಿದ. ತಿರುಗಲಿಲ್ಲ.

“ನಿನ್ ಮಾವ ಬದುಕವ್ರೆ. ಯಡಿಯೂರು ಸಿದ್ದಲಿಂಗಪ್ಪನಾಣೆ.”

ಅಡವಿಯಪ್ಪ ಹಗ್ಗದ ವ್ಯಾಪಾರದಲ್ಲಿ ಎಷ್ಟು ಸುಳ್ಳು ಹೇಳಿದ್ದನೋ, ಆಣೆ ಹಾಕಿ ಮಾತ್ರ ಒಂದೂ ಹೇಳಿದವನಲ್ಲ. ರಂಗಲಕ್ಷ್ಮಮ್ಮನಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಮಾತು. ಮಾವನಿಗೆ ಗಂಜಿ ಕಾಯಿಸಿ ಕುಡಿಸುತ್ತೇನೆ, ಬೇರೆ ಮನೆಯ ಮಾತು ಇನ್ನು ಎತ್ತುವುದಿಲ್ಲ, ನಮ್ಮ ಯಜಮಾನರೂ ನಮ್ಮಿಬ್ಬರ ಹಟದ ನಡುವೆ ಸಿಕ್ಕಿ ಸೊರಗಿಹೋಗಿದ್ದಾರೆ, ಇನ್ನಾದರೂ ನೆಮ್ಮದಿಯಾಗಿರಲಿ ಎಂದೆಲ್ಲ ಹೇಳಿಕೊಂಡಳು. ಅಣ್ಣನ ಬೆನ್ನು ಅದುರುತ್ತಿತ್ತು. ಏದುಸಿರಿರಬೇಕೆಂದು ಅವಳು ಇಳಿದು ನಡೆದಳು. ಅಲ್ಲಿ ಏರೇನೂ ಇರಲಿಲ್ಲ.

ಒಂದೇ ಒಂದು ಕಡೆ ಆ ದಾರಿ ಬಸ್ಸು ಓಡುವ ಟಾರು ರಸ್ತೆಯನ್ನು ದಾಟಲೇಬೇಕಿತ್ತು. ಬಲಕ್ಕೆ, ದೂರದ ತಿರುವಿನಲ್ಲಿ, ಲಾರಿಯೊಂದು ಚರಂಡಿಗೆ ಇಳಿದು ವಾಲಿಕೊಂಡಿತ್ತು. ನಾಲ್ಕಾರು ಜನ, ಒಬ್ಬ ಪೊಲೀಸು. ಅಡವಿಯಪ್ಪ ಆ ಕಡೆ ಕತ್ತು ಹೊರಳಿಸದೆ ಜೋರಾಗಿ ತುಳಿದು ದಾಟಿಬಿಟ್ಟ. ಯಾರ ಮಗನೋ ಪಾಪ ಎಂದು ರಂಗಲಕ್ಷ್ಮಮ್ಮ ಕೂತಲ್ಲೇ ಕೈ ಮುಗಿದಳು.

ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಮನೆ ಮುಂದೆ ಜನ ತುಂಬಿದ್ದರು. ಗಂಡಸರು ಟವೆಲ್ಲು ಬಾಯಿಗೆ ಒತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು. ಆಡಿದ ಮಾತು ನಿಜವಾಗಿತ್ತು. ಇನ್ನು ಯಾರ ಕಾಲು ಹಿಡಿಯುವುದು, ಯಾರ ಹತ್ತಿರ ತಪ್ಪಾಯಿತೆನ್ನುವುದು?

“ಆಣೆ ಹಾಕಿ ಸುಳ್ಳೇಳ್ದಲ್ಲಣ್ಣ” ಎಂದಳು.

“ಸುಳ್ಳೇಳಿಲ್ಲ ಕಣವ್ವ” ಎಂದ ಅಡವಿಯಪ್ಪ, ಹ್ಯಾಂಡಲ್ ಮೇಲೆ ಹಣೆ ಊರಿಕೊಂಡು.

ಜನ ಸರಿದು ದಾರಿ ಬಿಟ್ಟರು. ಒಳಗಿನಿಂದ ಯಾರ ಆಸರೆಯೂ ಇಲ್ಲದೆ ನಡೆದು ಬಂದ ಅಣ್ಣಯ್ಯಪ್ಪನವರು ಸೊಸೆಯ ಎರಡೂ ಕೈ ಹಿಡಿದುಕೊಂಡು, “ನಿನ್ನ ಕರ್ಕಂಬರ್ತೀನಿ ಅಂತ ಬೆಳಿಗ್ಗೆ ಹೊರಟೋನು, ಒಳಗೆ ಮಲಗವ್ನೆ, ಬಾರವ್ವ” ಎಂದರು.